ಅಕ್ಕನ ಬರಿಗಾಲು

ನನ್ನ ಎಡಗಾಲಿಗೆ ಎರಡು ಬೆರಳಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸುಲಭವಾಗುತ್ತದೆ ಎಂಬುದನ್ನು ಹಳ್ಳಿಯ ಸಭೆಗಳು ನನಗೆ ಕಲಿಸಿವೆ. ಹೆಣ್ಣುಮಕ್ಕಳ ಸಂಘದವರು ಸಮುದಾಯ ಭವನದಲ್ಲೋ ಗುಡಿಯ ಕಟ್ಟೆಯ ಮೇಲೋ ಜಮಖಾನ ಹಾಸಿಕೊಂಡು ಕೂತಿರುತ್ತಾರೆ. ನಾನು ಬಸ್ಸಿಳಿದು ಹೋಗಿ, ಅವರು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಸಾಕ್ಸು ಕಳಚಿ, ಪಾದವನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚುತ್ತೇನೆ. ಅಲ್ಲಿಂದ ಮುಂದೆ ಯಾರೂ ಪಕ್ಕದವರ ಜೊತೆ ಪಿಸುಗುಡುವುದಿಲ್ಲ. ಸಕ್ಕರೆ ಕಾಯಿಲೆಯ ಬಗ್ಗೆ ನಾನು ಹೇಳಬೇಕಾದದ್ದರಲ್ಲಿ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಉಳಿದರ್ಧವನ್ನು ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ. ಬರಿಗಾಲಲ್ಲಿ ಓಡಾಡಬೇಡಿ. ಹೊಲಕ್ಕೆ ಹೋದವರು ಬದುವಿನ ಮೇಲೆ ಚಪ್ಪಲಿ ಬಿಟ್ಟು ಇಳಿಯಬೇಡಿ. ಪಾದದ ಉರಿ ನಿಂತಿತೆಂದು ಖುಷಿಪಡಬೇಡಿ, ನೋವು ತಿಳಿಯುವ ಶಕ್ತಿಯೇ ಹೊರಟುಹೋಗಿರುತ್ತದೆ. ಕೇಳುವವರಾದರೂ ಎಂಥವರು? ಕಣದೊಳಗೆ ಚಪ್ಪಲಿ ಮೆಟ್ಟಿದರೆ ರಾಶಿ ಕೈಹತ್ತುವುದಿಲ್ಲ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವರು. ಕುರಿ ಹಿಂದೆ ಜಾಲಿ ಮರಗಳ ನಡುವೆ ದಿನವೆಲ್ಲ ಅಲೆದು, ಸಂಜೆ ಹಿಮ್ಮಡಿಯ ಮುಳ್ಳನ್ನು ಪಿನ್ನಿನಿಂದ ಕಿತ್ತು ಎಸೆಯುವವರು. ಅವರಿಗೆ ಹೋಗಿ ಚಪ್ಪಲಿ ಹಾಕಿರಿ ಎನ್ನುವ ಕೆಲಸವನ್ನು ನನಗೆ ಯಾರೂ ಕೊಟ್ಟದ್ದಲ್ಲ. ಹಗರಿಬೊಮ್ಮನಹಳ್ಳಿಯ ಒಂದು ಗ್ರಂಥಾಲಯದಲ್ಲಿ ಪತ್ರಿಕೆ ಜೋಡಿಸಿ, ಪುಸ್ತಕಕ್ಕೆ ಮುದ್ರೆ ಒತ್ತುವುದು ನನ್ನ ಸಂಬಳದ ಕೆಲಸ. ರಜೆಯ ದಿನ ಊರೂರಿಗೆ ಹೋಗಿ ಕಾಲು ತೋರಿಸುವುದು ನಾನಾಗಿ ಮೈಮೇಲೆ ಎಳೆದುಕೊಂಡದ್ದು.

ಜನ ನನ್ನನ್ನು ‘ಸಕ್ರಿ ಅಕ್ಕ’ ಎನ್ನುತ್ತಾರೆ. ಸಭೆ ಮುಗಿದ ಮೇಲೆ ಚಹಾ ಬರುತ್ತದೆ. “ಸಕ್ರಿ ಅಕ್ಕಗ ಸಕ್ರಿ ಜಾಸ್ತಿ ಹಾಕ್ರವ್ವ, ದೂರದಿಂದ ಬಂದಾರ” ಎಂದು ಒಬ್ಬರಾದರೂ ಅಂದೇ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ನಿಜವಾಗಿಯೂ ಸಕ್ಕರೆ ಹಾಕಿದ ಚಹಾ ಕೈಗೆ ಬರುತ್ತದೆ, ಅದನ್ನು ಬೇಡ ಎಂದರೆ ಚಹಾ ಮಾಡಿದಾಕೆಗೆ ಬೇಜಾರು. ಹಾಗಲಕಾಯಿ ರಸ ಕುಡಿದರೆ ಹೋಗ್ತದಂತೆ ಹೌದಾ, ಒಮ್ಮೆ ಗುಳಿಗೆ ಹಿಡಿದರೆ ಸಾಯೋತನಕ ಬಿಡೋ ಹಾಗಿಲ್ಲವಂತೆ ಹೌದಾ. ಅದೇ ಪ್ರಶ್ನೆ, ಅದೇ ಉತ್ತರ. ಹಡಗಲಿ ಕಡೆ ಹೋದರೂ ಅದೇ, ಹರಪನಹಳ್ಳಿ ಕಡೆ ಹೋದರೂ ಅದೇ. ಹರಪನಹಳ್ಳಿಯವರು ಸ್ವಲ್ಪ ದಾವಣಗೆರೆಯ ನಯದಲ್ಲಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತನ್ನು ಸಭೆಯಲ್ಲಿ ಹೇಳುವುದಿಲ್ಲ, ಇಲ್ಲಿ ಹೇಳುತ್ತೇನೆ. ಕಾಯಿಲೆಯ ಬಗ್ಗೆ ಮಾತಾಡಲು ಹೋಗುವ ಕಾಯಿಲೆಯವಳಿಗೆ ಕಾಯಿಲೆ ಬೀಳುವ ಹಕ್ಕಿಲ್ಲ. ಬಸ್ಸಿನಲ್ಲಿ ಸಕ್ಕರೆ ಇಳಿದು ಕೈ ನಡುಗಿ ಬೆವರು ಕಿತ್ತುಕೊಂಡು ಬಂದರೆ, ಇಳಿಯುವ ಮುಂಚೆ ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡು, ಮುಖ ಒರೆಸಿಕೊಂಡು, ಲಕ್ಷಣವಾಗಿ ಇಳಿಯಬೇಕು. ಮಂಕಾಗಿ ಕೂತರೆ ಮುಗಿಯಿತು, “ಇವರು ಹೇಳಿದಂಗ ಇವರೇ ಮಾಡಿದ್ರ ಇವರು ಹಿಂಗ್ಯಾಕ ಅದಾರ” ಎಂಬ ಮಾತು ಹಿಂದಿನ ಸಾಲಿನಿಂದ ಬಂದುಬಿಡುತ್ತದೆ. ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಇಷ್ಟು ವರ್ಷ ಆದವು. ಬೇಸರವಾಗುತ್ತದೆ. ಸಿಟ್ಟೂ ಬರುತ್ತದೆ. ಆದರೂ ಮುಂದಿನ ರವಿವಾರ ಯಾರದೋ ಫೋನು ಬರುತ್ತದೆ, ನಾನು ಹೂಂ ಎನ್ನುತ್ತೇನೆ.

ಮನೆಯಲ್ಲಿ ಇರುವವರು ನಾವಿಬ್ಬರೇ, ನಾನು ಮತ್ತು ಅಕ್ಕ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನನ್ನ ಜೊತೆ ಬಂದು ಇದ್ದಾಳೆ. ನಾನು ಮದುವೆಯಾದವಳಲ್ಲ, ಚಿಕ್ಕ ವಯಸ್ಸಿಗೇ ಕಾಯಿಲೆ ಬಂದದ್ದರಿಂದ ಆ ಮಾತು ಯಾರೂ ಜೋರಾಗಿ ಎತ್ತಲಿಲ್ಲ. ಅಡುಗೆ, ಸಂತೆ, ನೀರು, ನೆರೆಹೊರೆಯ ಜಗಳ ಎಲ್ಲ ಅಕ್ಕನದೇ. ಸಂಜೆ ಆಗುತ್ತಲೇ ಕನ್ನಡಕ ಏರಿಸಿಕೊಂಡು, ನನ್ನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದು ಸಂದು ಬಿಡಿಸಿ ನೋಡುತ್ತಾಳೆ. ಗೀರು ಕಂಡರೂ ನನಗೆ ಬೈಗುಳ. ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ಕೂತಿರುತ್ತೇನೆ, ಇಡೀ ದಿನದಲ್ಲಿ ನನಗೆ ದಣಿವು ಆರುವುದು ಆಗ.

ಬೆರಳು ಹೋದ ಕತೆ ದೊಡ್ಡದೇನಲ್ಲ. ಜಾಲಿ ಮುಳ್ಳೊಂದು ಚಪ್ಪಲಿಯನ್ನೇ ತೂರಿ ಒಳಗೆ ಬಂದಿತ್ತು, ನನಗೆ ಗೊತ್ತೇ ಆಗಲಿಲ್ಲ. ಅಕ್ಕ ಒರೆಸಿದ ನೆಲದ ಮೇಲೆ ನಾನು ನಡೆದಲ್ಲೆಲ್ಲ ಕೆಂಪು ಕಲೆ ಬಿದ್ದಿದ್ದನ್ನು ಅವಳೇ ಮೊದಲು ಕಂಡದ್ದು. ಆಮೇಲೆ ದಾವಣಗೆರೆಯ ಆಸ್ಪತ್ರೆ. ಎರಡು ಬೆರಳು ತೆಗೆದರು. ವಿಷ ಮೇಲೇರಿದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಅಕ್ಕನಿಗೆ ಹೇಳಿದ್ದರಂತೆ. ಏರಲಿಲ್ಲ. ಊರಿಗೆ ಹಿಂದಿರುಗಿದ ದಿನ ಆಟೋದಿಂದ ಇಳಿಯುವಾಗ ನೋಡಿದೆ, ಅಕ್ಕನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಚಪ್ಪಲಿ ಎಲ್ಲಿ ಅಕ್ಕ?”

“ದಾವಣಗೆರ್ಯಾಗ ಬಿಟ್ಟು ಬಂದೆ.”

ಯಾರೋ ಕದ್ದಿರಬೇಕು ಎಂದುಕೊಂಡೆ. ತಿಂಗಳಾದರೂ ಹೊಸದು ಕೊಳ್ಳದೆ ಇದ್ದಾಗ ಕೇಳಿದೆ, ಆಗ ಬಾಯಿಬಿಟ್ಟಳು. ಆಪರೇಷನ್ ಕೋಣೆಯ ಹೊರಗೆ ಕೂತು ಮನೆದೇವರಿಗೆ ಹರಕೆ ಹೊತ್ತಿದ್ದಳು. ತಂಗಿಯ ಪಾದ ಉಳಿಸಿಕೊಡು, ನಾನು ಜೀವ ಇರೋತನಕ ಕಾಲಿಗೆ ಮೆಟ್ಟು ಹಾಕುವುದಿಲ್ಲ ಎಂದು.

ನಮ್ಮ ಕಡೆ ಇದು ಹೊಸದಲ್ಲ. ಮಗನಿಗೆ ಜ್ವರ ಬಂದರೆ ತಾಯಿ ಒಪ್ಪೊತ್ತಿನ ಊಟ ಬಿಡುತ್ತಾಳೆ, ಗಂಡ ಜೈಲಿಗೆ ಹೋದರೆ ಹೆಂಡತಿ ಹೂ ಮುಡಿಯುವುದನ್ನು ಬಿಡುತ್ತಾಳೆ. ತನ್ನದಲ್ಲದ ಕಷ್ಟಕ್ಕೆ ತಾನು ಬಿಡುವುದೇ ಹರಕೆಯ ತೂಕ. ನಿಜ ಹೇಳುತ್ತೇನೆ, ನನಗೆ ಆಗ ಸಂತೋಷವೇ ಆಗಿತ್ತು. ಅವಳಿಗೆ ಆಗ ಸಕ್ಕರೆ ಕಾಯಿಲೆ ಇರಲಿಲ್ಲ. ಕಾಲು ನೋಯಿಸಿಕೊಳ್ಳುತ್ತಾಳಲ್ಲ ಎಂಬುದಷ್ಟೇ ನನ್ನ ಸಂಕಟ.

ಎರಡು ವರ್ಷದ ಮೇಲೆ ಅವಳಿಗೂ ಬಂತು. “ಸ್ವಲ್ಪ ಐತಂತ” ಎನ್ನುತ್ತಾಳೆ ಅಕ್ಕ, ನೆಂಟರ ಮನೆಯ ಜಗಳದ ಬಗ್ಗೆ ಹೇಳಿದಷ್ಟು ಹಗುರಾಗಿ. ಗುಳಿಗೆ ನುಂಗುತ್ತಾಳೆ, ಅದರಲ್ಲಿ ತಪ್ಪಿಲ್ಲ. ಆದರೆ ಚಪ್ಪಲಿಯ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಸಂತೆಗೆ ಹೋಗುವಳು, ಮಳೆಗಾಲದಲ್ಲಿ ಗಟಾರದ ಪಕ್ಕದ ಕೆಸರಿನಲ್ಲಿ ಬರಿಗಾಲಲ್ಲಿ ಬರುವಳು. ನಾನು ಬಾಯಿ ಬಡಿದುಕೊಂಡೆ, ಅತ್ತೆ, ಮಾತು ಬಿಟ್ಟೆ. ಏನೂ ನಡೆಯಲಿಲ್ಲ.

“ಅಕ್ಕ, ನನ್ನ ಕಾಲು ಉಳಿಸಿದವರು ಡಾಕ್ಟ್ರು.”

“ಡಾಕ್ಟ್ರ ಕೈಯಾಗ ಯಾರು ಕುಂತಿದ್ರು?”



ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯ ಸಭೆಯಲ್ಲಿ ನಾನು ಎಂದಿನಂತೆ ಪಾದ ಚಾಚಿ ಮಾತಾಡುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸೊಬ್ಬಳು, ಈರುಳ್ಳಿ ಮಾರಲು ನಮ್ಮೂರ ಸಂತೆಗೆ ಬರುವವಳು, ಸೆರಗು ಸರಿಮಾಡಿಕೊಂಡು ಕೇಳಿದಳು. “ಎಲ್ಲಾ ಖರೇ ಐತಿ ಬಿಡ್ರಿ. ನಿಮ್ಮಕ್ಕಾರು ಬರಿಗಾಲಾಗ ಸಂತಿಗೆ ಬರ್ತಾರಲ್ರಿ? ಅವರಿಗೂ ಸಕ್ರಿ ಐತಂತ. ಮದ್ಲು ಅವರಿಗೆ ಹೇಳ್ರಿ, ಆಮ್ಯಾಲೆ ನಮಗ ಹೇಳೀರಂತ.” ಕೆಣಕಲು ಹೇಳಿದ ಮಾತಲ್ಲ ಅದು, ಸುಮ್ಮನೆ ಕಂಡದ್ದನ್ನು ಹೇಳಿದ್ದಳು. ಸಾಕ್ಸು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದುಬಿಟ್ಟೆ.

ಅವತ್ತು ಮನೆಗೆ ಬಂದು ಅಕ್ಕನನ್ನು ಹಿಡಿದು ಕೂರಿಸಿದೆ. ಕಣ್ಣು ಮುಚ್ಚು ಎಂದೆ. ಪೆನ್ನಿನ ತುದಿಯನ್ನು ಅವಳ ಅಂಗಾಲಿಗೆ ಮುಟ್ಟಿಸಿ, ಮುಟ್ಟಿದ್ದು ಗೊತ್ತಾದಾಗ ಹೇಳು ಎಂದೆ. ಹಳ್ಳಿಗಳಲ್ಲಿ ಎಲ್ಲರಿಗೂ ಹೀಗೇ ಮಾಡಿ ತೋರಿಸುತ್ತೇನೆ. ಹೆಬ್ಬೆರಳ ಬುಡಕ್ಕೆ ಒತ್ತಿದೆ, ಅಕ್ಕ ಸುಮ್ಮನಿದ್ದಳು. ಹಿಮ್ಮಡಿಗೆ ಒತ್ತಿದೆ, ಸುಮ್ಮನಿದ್ದಳು. ಪೆನ್ನನ್ನು ಕೆಳಗಿಟ್ಟು ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಹೇಳಿದಳು, “ಹೂಂ, ಈಗ ಗೊತ್ತಾತು ನೋಡು. ಅಲ್ಲೇ.”

ಆ ಒಂದು ಮಾತು ಕೇಳಿ ನಾನು ಹೆದರಿದಷ್ಟು ನನ್ನ ಬೆರಳು ಹೋದಾಗಲೂ ಹೆದರಿರಲಿಲ್ಲ. ಅವಳ ಪಾದ ಸತ್ತುಹೋಗಿತ್ತು, ಅದರ ಮೇಲೆ ಅವಳು ದಿನವಿಡೀ ನಡೆಯುತ್ತಿದ್ದಳು, ಅದೂ ನನಗೋಸ್ಕರ. ಈ ಕಾಲು ಹೋದರೆ ಅದು ನನ್ನ ಲೆಕ್ಕಕ್ಕೆ ಬರುತ್ತದೆ. ಡಾಕ್ಟರ ಮಾತು ಅವಳ ತಲೆಗೆ ಹೋಗುವುದಿಲ್ಲವಾದರೆ ದೇವರ ಬಾಯಿಂದಲೇ ಹೇಳಿಸಬೇಕು ಎಂದು ನಿಶ್ಚಯಿಸಿದೆ.

ನಮ್ಮ ಮನೆದೇವರ ಗುಡಿ ಕೋಗಳಿ ದಾಟಿ ಒಂದು ಸಣ್ಣ ಹಳ್ಳಿಯಲ್ಲಿದೆ. ಪೂಜಾರಿ ಎಪ್ಪತ್ತು ದಾಟಿದ ಮನುಷ್ಯ. ಬೆಳಗ್ಗೆ ಪೂಜೆ, ಆಮೇಲೆ ಕುರಿ ಕಾಯುವುದು. ನಾನು ಮೊದಲು ಒಬ್ಬಳೇ ಹೋಗಿ ಎಲ್ಲ ಬಿಡಿಸಿ ಹೇಳಿ, ಕೈಮುಗಿದು ಬಂದಿದ್ದೆ. ಹೇಗಾದರೂ ಮಾಡಿ ಬಿಡಿಸಿಕೊಡಿ ಎಂದಿದ್ದೆ. ಆಮೇಲೆ ಅಮಾವಾಸ್ಯೆಗೆ ಅಕ್ಕನನ್ನು ಕರೆದುಕೊಂಡು ಹೋದೆ. ಚೀಲದಲ್ಲಿ ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ ಮೆತ್ತನೆಯ ಚಪ್ಪಲಿ ಇತ್ತು. ಅದನ್ನು ನೋಡಿ ಅಕ್ಕ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ.

“ಹರಕಿ ಬಿಡಿಸಾಕ ಬರ್ತೈತಿ” ಎಂದ ಪೂಜಾರಿ. “ಆದ್ರ ಹೊತ್ತಾಕಿ ಬಿಡಂಗಿಲ್ಲ. ಯಾರ ಸಲುವಾಗಿ ಹೊತ್ತಾಳ, ಅವರ ಕೈಲೆ ಬಿಡಸ್ಬೇಕು. ನನ್ನ ಕಾಲು ನೆಟ್ಟಗಾಗೈತಿ ಅಂತ ದ್ಯಾವ್ರ ಮುಂದ ನೀವು ಬಾಯಿಬಿಟ್ಟು ಹೇಳ್ರಿ. ಆಕಿ ಕಾಲು ತೊಳೀರಿ. ಮೆಟ್ಟು ನಿಮ್ಮ ಕೈಲೇ ಹಾಕ್ರಿ.”

ಅಕ್ಕ ನನ್ನ ಎಡಗಾಲಿನ ಕಡೆ ನೋಡಿದಳು. ಆಮೇಲೆ ಕೇಳಿದಳು, “ಮುಂದ ಈಕಿ ಕಾಲು ಮತ್ತ ಕೆಟ್ರ?”

“ಕೆಟ್ರ ಹರಕಿ ತಿರುಗಿ ನಿನ್ನ ಮ್ಯಾಲೆ ಬರ್ತೈತಿ ನೋಡವ್ವ. ಆಗ ನನ್ನ ಕೇಳಬ್ಯಾಡ.”

ಅಲ್ಲಿಯವರೆಗೆ ಬಂಗಾರದಂಥ ಮನುಷ್ಯನಾಗಿದ್ದವನು ಆ ಒಂದು ಮಾತನ್ನು ಯಾಕೆ ಆಡಿದನೋ. ನನಗೆ ಮೈ ಉರಿದುಹೋಯಿತು. ಆದರೆ ಆ ಮಾತು ಕೇಳಿದ ಮೇಲೆಯೇ ಅಕ್ಕ ಒಪ್ಪಿದ್ದು. ಲೆಕ್ಕ ಸರಿಯಾಗಿದೆ ಎಂದು ಅವಳಿಗೆ ಅನ್ನಿಸಿರಬೇಕು.

ಗುಡಿಯ ಹೊಸ್ತಿಲ ಹೊರಗೆ ನಿಂತು ನನ್ನ ಕಾಲು ನೆಟ್ಟಗಾಗಿದೆ ಎಂದು ಹೇಳಿದೆ. ಅವತ್ತಿನ ಮಟ್ಟಿಗೆ ಅದು ನಿಜವಾಗಿತ್ತು. ಕಟ್ಟೆಯ ಮೇಲೆ ಅಕ್ಕನನ್ನು ಕೂರಿಸಿ, ತಂಬಿಗೆಯ ನೀರು ಹಾಕಿ ಅವಳ ಪಾದ ತೊಳೆದೆ. ಎಷ್ಟೋ ವರ್ಷ ನನ್ನ ಪಾದವನ್ನು ಅವಳು ನೋಡಿದ್ದಾಳೆ, ಅವಳದ್ದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಹಿಮ್ಮಡಿ ಬಿರಿದು ಬಿಟ್ಟಿತ್ತು. ಅಂಗಾಲಿನ ನಡುವೆ ಒಂದು ಮುಳ್ಳು ಒಳಗೇ ಮುರಿದು, ಅದರ ಮೇಲೆ ಚರ್ಮ ಬೆಳೆದು ಕಪ್ಪು ಕಲೆಯಾಗಿತ್ತು. ಅದು ಯಾವಾಗ ಹೊಕ್ಕಿತ್ತೋ ಅವಳಿಗೆ ಗೊತ್ತಿರಲಿಲ್ಲ. ಸೆರಗಿನಿಂದ ಒರೆಸಿ ಚಪ್ಪಲಿ ಹಾಕಿದೆ. ಪೂಜಾರಿ ಭಂಡಾರದ ಅರಿಶಿನ ತಂದು ಇಬ್ಬರ ಹಣೆಗೂ ಹಚ್ಚಿದ.

ಚಪ್ಪಲಿ ಹಾಕಿಕೊಂಡ ಅಕ್ಕ ಕೆಲವು ದಿನ ಬೇರೆಯವರ ಕಾಲು ತಂದು ಜೋಡಿಸಿಕೊಂಡವಳಂತೆ ನಡೆದಳು. ಸಂತೆಯಲ್ಲಿ ತರಕಾರಿಯವಳ ಮುಂದೆ ಬಿಟ್ಟು ಬಂದಳು, ನೆಂಟರ ಮನೆಯಲ್ಲಿ ಮರೆತು ಬಂದಳು, ಪ್ರತಿ ಸಲ ನಾನು ಹೋಗಿ ತಂದೆ. “ಏನ್ ಕಾಟ ಕೊಡ್ತೀಯವ್ವ ತಾಯಿ” ಎಂದು ಗೊಣಗುತ್ತಿದ್ದಳು. ದವಾಖಾನೆಯಲ್ಲಿ ಆ ಮುಳ್ಳು ತೆಗೆಸಿದೆ. ಹಿಮ್ಮಡಿಗೆ ಎಣ್ಣೆ ಹಚ್ಚಿ ಹಚ್ಚಿ ಬಿರುಕು ಕೂಡಿಕೊಂಡಿತು. ಅಡುಗೆಮನೆಗೆ ಬೇರೆ ಜೋಡಿ ತಂದುಕೊಟ್ಟೆ. ಒಳಗೆ ಅವಳು ಓಡಾಡುವ ಚಟಪಟ ಸದ್ದು ಕೇಳುತ್ತಾ ಪೇಪರು ಓದುತ್ತಿದ್ದರೆ ನನಗೆ ಬದುಕಿನಲ್ಲಿ ಒಂದು ಕೆಲಸವನ್ನಾದರೂ ಪೂರ್ತಿ ಮಾಡಿದೆ ಅನ್ನಿಸುತ್ತಿತ್ತು. ಈರುಳ್ಳಿ ಮಾರುವವಳ ಹಳ್ಳಿಗೆ ಮತ್ತೆ ಹೋದೆ. ಅಕ್ಕನ ವಿಷಯ ನಾನಾಗಿ ಎತ್ತಿ ಹೇಳಿದೆ. ಅಲ್ಲಿ ಇಬ್ಬರು ಹೆಂಗಸರು ತಮ್ಮ ಹರಕೆಯನ್ನೂ ಬಿಡಿಸಬಹುದಾ ಎಂದು ಕೇಳಿದರು.

ಹೋದ ಶ್ರಾವಣದಲ್ಲಿ ಹಡಗಲಿ ಕಡೆಯ ಒಂದು ಸಭೆ ಮುಗಿಸಿ ಬರುವಾಗ ಬಸ್ಸು ಬರಲಿಲ್ಲ. ಮುಖ್ಯ ರಸ್ತೆಯವರೆಗೆ ನಡೆದೆ. ಮನೆ ಸೇರುವಷ್ಟರಲ್ಲಿ ಅಕ್ಕ ಮಲಗಿದ್ದಳು, ನಾನೂ ಸಾಕ್ಸಿನಲ್ಲೇ ಮಲಗಿಬಿಟ್ಟೆ. ಮಾರನೆಯ ಬೆಳಿಗ್ಗೆ ಬಲಗಾಲಿನ ಸಾಕ್ಸು ಕಳಚಿದರೆ ಒದ್ದೆಯಾಗಿತ್ತು. ಹೆಬ್ಬೆರಳ ಬುಡದಲ್ಲಿ ಗುಳ್ಳೆ ಎದ್ದು ಒಡೆದಿತ್ತು. ನೋವಿಲ್ಲ, ನನಗೆ ನೋವು ಬಂದು ಎಷ್ಟೋ ಕಾಲವಾಯಿತು. ಅಡುಗೆಮನೆಯಲ್ಲಿ ಅಕ್ಕ ಚಪ್ಪಲಿ ಚಟಪಟ ಎನ್ನಿಸುತ್ತಾ ರೊಟ್ಟಿ ತಟ್ಟುತ್ತಿದ್ದಳು. ಅವಳನ್ನು ಕರೆಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಇದನ್ನು ಕಂಡರೆ ಅವಳು ಅಲ್ಲೇ, ಒಲೆಯ ಮುಂದೆಯೇ, ಚಪ್ಪಲಿ ಬಿಡುತ್ತಾಳೆ. ಇನ್ನೊಮ್ಮೆ ಬಿಟ್ಟರೆ ಯಾವ ಪೂಜಾರಿಯೂ ಹಾಕಿಸಲಾರ. ಬೇರೆ ಸಾಕ್ಸು ಹಾಕಿಕೊಂಡು ಕೆಲಸಕ್ಕೆ ಹೋದೆ.

ನಮ್ಮೂರಲ್ಲಿ ತೋರಿಸಿದರೆ ಸಂಜೆಯೊಳಗೆ ಅಕ್ಕನ ಕಿವಿಗೆ ಬೀಳುತ್ತದೆ. ಆದ್ದರಿಂದ ಸಭೆ ಇದೆ ಎಂದು ಹೇಳಿ ರೈಲಿನಲ್ಲಿ ಕೊಟ್ಟೂರಿಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಿಕೊಂಡು ಬರುತ್ತೇನೆ. ಅಲ್ಲಿಯ ಡಾಕ್ಟರಮ್ಮ ಚಿಕ್ಕವಳು, ನನ್ನ ಭಾಷಣ ಎಲ್ಲೋ ಕೇಳಿದವಳು. “ನೀವೇ ಹಿಂಗ ಮಾಡಿದ್ರ ಹೆಂಗ್ರಿ? ಈ ಕಾಲಿನ ಮ್ಯಾಲೆ ಭಾರ ಹಾಕಂಗಿಲ್ಲ. ಮನಿಯಾಗ ಮಲಗ್ಬೇಕು. ಮುಂದಿನ ಸಲ ಮನಿಯವರನ್ನ ಕರ್ಕೊಂಡು ಬರ್ರಿ, ನಾ ಹೇಳ್ತೀನಿ ಅವರಿಗೆ” ಎಂದಳು. ಮನೆಯಲ್ಲಿ ಯಾರೂ ಇಲ್ಲ ಎಂದೆ.

ಕಾಲಿಗೆ ಭಾರ ಹಾಕದೆ ಇದ್ದರೆ ಅಕ್ಕನಿಗೆ ಗೊತ್ತಾಗುತ್ತದೆ. ಆದ್ದರಿಂದ ಹಾಕುತ್ತೇನೆ. ಗಾಯ ಮಾಯುತ್ತಿಲ್ಲ, ಹಾಗೆಂದು ಹಬ್ಬಿಯೂ ಇಲ್ಲ, ನನ್ನ ಹಾಗೆಯೇ ಸುಸ್ತಾಗಿ ಕೂತಿದೆ. ಹೋದ ವಾರ ಕೂಡ್ಲಿಗಿ ಕಡೆಯ ಒಂದು ಸಭೆಯಲ್ಲಿ, ಬುದ್ಧವಿಹಾರದ ಅಂಗಳದಲ್ಲಿ, ಎಡಗಾಲು ಮಾತ್ರ ಚಾಚಿ ಮಾತಾಡಿದೆ. ಗಾಯವಾದರೆ ಯಾರಿಗೆ ಮೊದಲು ತೋರಿಸಬೇಕು ಎಂದು ಒಬ್ಬ ಹುಡುಗಿ ಕೇಳಿದಳು. ಅವಳ ತಾಯಿಗೆ ಸಕ್ಕರೆ ಕಾಯಿಲೆಯಂತೆ. “ಮನಿಯವರಿಗೆ ತೋರ್ಸಬೇಕು. ಮುಚ್ಚಿಡಬಾರ್ದು” ಎಂದೆ. ಹುಡುಗಿ ತಲೆಯಾಡಿಸಿದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ನಾನು ಅಷ್ಟು ಸಣ್ಣ ದನಿಯಲ್ಲಿ ಹೇಳಿರಲಿಲ್ಲ.

ಸಂಜೆ ಅಕ್ಕ ಪಾದ ನೋಡುವುದನ್ನೂ ತಪ್ಪಿಸಿದ್ದೇನೆ. ಗುಳ್ಳೆ ಕಂಡ ದಿನವೇ ಹಿಡಿಯಿರುವ ಒಂದು ಕನ್ನಡಿ ತಂದು, ಇನ್ನು ಮೇಲೆ ನಾನೇ ನೋಡಿಕೊಳ್ಳುತ್ತೇನೆ, ನಿನಗೆ ಕಣ್ಣು ಸರಿಯಿಲ್ಲ ಎಂದೆ. ಅವಳಿಗೆ ಬಹಳ ನೋವಾಯಿತು. ಒಂದು ದಿನ ಊಟ ಸರಿಯಾಗಿ ಮಾಡಲಿಲ್ಲ. ನನ್ನ ಸಾಕ್ಸು ನಾನೇ ಒಗೆದು ಹಾಕಿಕೊಳ್ಳುತ್ತಿರುವುದನ್ನೂ ಅವಳು ನೋಡಿದ್ದಾಳೆ, ಏನೂ ಕೇಳಿಲ್ಲ.

ನಿನ್ನೆ ಸಂಜೆ ನಾನು ಗ್ರಂಥಾಲಯದಿಂದ ಬಂದು ಕೂತಾಗ ಅಕ್ಕ ಒಳಗಿನಿಂದ ಬಂದು ನನ್ನ ಎದುರಿಗೆ ಮಣೆ ಹಾಕಿಕೊಂಡು ಕೂತಳು. ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟು, ತನ್ನ ಎರಡೂ ಪಾದಗಳನ್ನು ನನ್ನ ತೊಡೆಯ ಮೇಲೆ ಇಟ್ಟಳು.

“ನಿನ್ನವು ನೀ ನೋಡ್ಕೊಂತಿ. ನನ್ನವನ್ನು ಯಾರು ನೋಡ್ಬೇಕು? ನೋಡು.”

ದೀಪ ಹಾಕಿ ನೋಡಿದೆ. ಒಂದೊಂದೇ ಬೆರಳು ಬಿಡಿಸಿ ನೋಡಿದೆ. ಹಿಮ್ಮಡಿ ಮೆತ್ತಗಾಗಿತ್ತು. ಮುಳ್ಳು ತೆಗೆದ ಜಾಗ ಪೂರ್ತಿ ಕೂಡಿಕೊಂಡಿತ್ತು. ಎಲ್ಲಿಯೂ ಒಂದು ಗೀರು ಇರಲಿಲ್ಲ.

“ಹೆಂಗ ಅದಾವ?”

“ಚಲೋ ಅದಾವ ಅಕ್ಕ.”

“ನಿನ್ನವು?”

“ನನ್ನವೂ ಚಲೋ ಅದಾವ” ಎಂದೆ. ಅಕ್ಕ ನನ್ನ ಮುಖವನ್ನು, ಆಮೇಲೆ ನನ್ನ ಬಲಗಾಲಿನ ಸಾಕ್ಸನ್ನು ನೋಡಿ, ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದಳು.